ಜಪಸರಕ್ಕೆ ಬಂದ ಟೇಪ್ ರೆಕಾರ್ಡರ್

ನಮ್ಮ ಮನೆಯಲ್ಲಿ ಜಪಸರ ಮುಗಿಯದೆ ಯಾರಿಗೂ ಊಟವಿರಲಿಲ್ಲ. ತಮಿಳು ಸೀಮೆಯ ಸಿಂಗಾನಲ್ಲೂರಿನ ಮಿಲ್ಲಿನ ಹಿಂದೆ ಸಾಲಾಗಿ ಕಟ್ಟಿದ್ದ ಮನೆಗಳಲ್ಲಿ ನಮ್ಮದೂ ಒಂದು. ರೈಲಿನ ಬೋಗಿಗಳ ಹಾಗೆ ಒಂದರ ಹಿಂದೊಂದು ಮೂರು ಕೋಣೆ: ಮುಂದೆ ಹಾಲ್, ನಡುವೆ ಮಂಚ ಮತ್ತು ಬೀರು ಇದ್ದ ಕೋಣೆ, ಹಿಂದೆ ಅಡುಗೆಮನೆ. ಹಾಲ್ ಎಂದರೆ ದೊಡ್ಡ ಮಾತಾಯಿತು. ಮನೆಯವರೆಲ್ಲ ಮಂಡಿಯೂರಿದರೆ ಬೀದಿಬಾಗಿಲು ತೆರೆಯಲು ಜಾಗವಿರುತ್ತಿರಲಿಲ್ಲ. ಗೋಡೆಗೆ ಹೊಡೆದ ಹಲಗೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಮುಂದೆ ಅಪ್ಪ ಹಾಕಿದ್ದ ಕೆಂಪು ಜೀರೋ ಬಲ್ಬು. ಅಪ್ಪ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ವೈರು ಕಂಡಲ್ಲಿ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಸಂಜೆ ಆ ಬಲ್ಬು ಹತ್ತಿತೆಂದರೆ ನಾವೆಲ್ಲ ಕೈಕಾಲು ತೊಳೆದು ಬರಬೇಕು. ಮೂರು ಬಾಗಿಲೂ ಒಂದೇ ಗೆರೆಯಲ್ಲಿದ್ದುದರಿಂದ, ಮಂಡಿಯೂರಿದವರ ಬೆನ್ನಿಗೆ ಹುರುಳಿ ಸಾರಿನ ಒಗ್ಗರಣೆ ನೇರವಾಗಿ ಬಂದು ತಟ್ಟುತ್ತಿತ್ತು. ಹಸಿವಿನಲ್ಲೇ ಭಕ್ತಿ ಕಲಿತವಳು ನಾನು.

ಅಜ್ಜಿಯ ಕಡೆಯವರು ಕೊಳ್ಳೇಗಾಲದಿಂದ ಮಿಲ್ಲಿನ ಕೆಲಸಕ್ಕೆಂದು ಬಂದವರು. ಬೀದಿಯಲ್ಲಿ ತಮಿಳು, ಚರ್ಚಿನಲ್ಲಿ ತಮಿಳು, ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಇಂಗ್ಲಿಷು. ಕನ್ನಡ ಎಂದರೆ ಆ ಹಾಲ್, ಆ ಹೊತ್ತು, ಅಜ್ಜಿಯ ಗಂಟಲು. ಅಕ್ಷರ ಕಲಿತದ್ದೂ ಅವಳ ಪ್ರಾರ್ಥನಾ ಪುಸ್ತಕದಿಂದಲೇ. ಜಪಸರ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಮನೆಯವರೆಲ್ಲ ಸೇರಿ ಹೇಳುವಾಗ ಅದು ಎರಡು ಪಾಲಿನ ಪ್ರಾರ್ಥನೆ. ಪ್ರತಿ ಮಣಿಗೂ ಒಬ್ಬರು ‘ನಮೋ ಮರಿಯಾ’ ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸುತ್ತಾರೆ. ಉಳಿದವರು ‘ಸಂತ ಮರಿಯಾ’ ಎಂದು ಮಿಕ್ಕ ಅರ್ಧ ಹೇಳಿ ಮುಗಿಸುತ್ತಾರೆ. ಮುಂದೆ ಹೇಳುವವಳು ಅಜ್ಜಿ, ಉತ್ತರ ಹೇಳುವವರು ನಾವು. ಹತ್ತು ಮಣಿಗೊಮ್ಮೆ ಅವಳು ತಡೆದು, ಮುಂದಿನ ಹತ್ತು ಯಾರಿಗಾಗಿ ಎಂದು ಸಾರುತ್ತಿದ್ದಳು. ಇದು ಅವಳದೇ ಪದ್ಧತಿ, ಮತ್ತು ಮನೆಯ ಜಗಳವೆಲ್ಲ ತೀರ್ಮಾನವಾಗುತ್ತಿದ್ದದ್ದು ಅಲ್ಲೇ.

“ಈ ಹತ್ತು ಮಣಿ, ಪಕ್ಕದ ಮನೆ ಎಮ್ಮೆ ಹಾಲು ಬುಡ್ಲಿ ಅಂತ.”

“ಈ ಹತ್ತು, ನಮ್ಮ ರೀಟಾಗೆ ದೊಡ್ಡೋರಿಗೆ ಎದುರು ಮಾತಾಡ್ದಂಗೆ ಬುದ್ಧಿ ಬರ್ಲಿ ಅಂತ.”

“ಈ ಹತ್ತು, ಸಾರಿಗೆ ಉಪ್ಪು ಹಾಕೋಕ್ ಮುಂಚೆ ಒಂದ್ ಸಲ ನಾಲಿಗೆಗೆ ಇಟ್ಟು ನೋಡೋ ಬುದ್ಧಿ ಕೊಡು ತಾಯಿ. ಯಾರಿಗೆ ಅಂತ ನಿನಗೆ ಗೊತ್ತು.”

ರೀಟಾ ಎಂದರೆ ನಾನು. ಅಮ್ಮ ಹಲ್ಲು ಕಚ್ಚಿಕೊಂಡು, ತನ್ನ ಉಪ್ಪಿಗಾಗಿ ತಾನೇ ಹತ್ತು ಸಲ ‘ಸಂತ ಮರಿಯಾ’ ಹೇಳಬೇಕಾಗುತ್ತಿತ್ತು. ಅಪ್ಪನ ಭುಜ ನಗುವಿನಿಂದ ಅಲುಗುವುದು ಹಿಂದಿನಿಂದ ನನಗೆ ಕಾಣುತ್ತಿತ್ತು.

ಆ ಮನೆಗೆ ಟೇಪ್ ರೆಕಾರ್ಡರ್ ಬಂದದ್ದು ಕುವೈತಿನಿಂದ. ಅಪ್ಪನ ತಮ್ಮ ಅಲ್ಲಿ ಕೆಲಸಕ್ಕೆ ಹೋಗಿದ್ದರು. ಅವರ ಹೆಂಡತಿ ಸೆಲಿನ್ ಚಿಕ್ಕಮ್ಮ ನಮ್ಮ ಜೊತೆಗಿದ್ದಳು. ತಾಯಿಯಿಲ್ಲದ ಹುಡುಗಿ, ಮೊದಲ ಬಸುರು. ಹೆರಿಗೆಗೆ ತವರಿಗೆ ಹೋಗುವ ಮಾತಿರಲಿಲ್ಲ. ಚಿಕ್ಕಪ್ಪ ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಎಲ್ಲರೂ ಸುತ್ತ ಕೂತು ಕೇಳುತ್ತಿದ್ದೆವು. “ಅವ್ವ, ಊಟ ಆಯ್ತಾ” ಎಂದು ಪೆಟ್ಟಿಗೆ ಕೇಳುತ್ತಿತ್ತು. “ಆಯ್ತು ಮೊಗ, ನಿಂದು?” ಎನ್ನುತ್ತಿದ್ದಳು ಅಜ್ಜಿ. ಅಷ್ಟರಲ್ಲಿ ಚಿಕ್ಕಪ್ಪನ ದನಿ ಅಲ್ಲಿನ ಬಿಸಿಲಿನ ವಿಷಯಕ್ಕೆ ಹೋಗಿಬಿಟ್ಟಿರುತ್ತಿತ್ತು. ಎರಡು ಮೂರು ಸಲ ಹೀಗಾದ ಮೇಲೆ ಅಜ್ಜಿ ಸೆರಗು ಕೊಡವಿ ಎದ್ದಳು.

“ಕೇಳದು ಕೇಳ್ತದ, ಹೇಳದು ಕೇಳಿಸ್ಕೊಳದಿಲ್ಲ. ಇದ್ಯಾವ ಸೀಮೆ ಮಾತುಕತೆ? ನೀವೇ ಇಟ್ಕೊಳಿ.”

ಹಾಗೆಂದವಳೇ ಕೊನೆಗೆ ಆ ಪೆಟ್ಟಿಗೆಯ ಮುಂದೆ ಕೂರಬೇಕಾಗಿ ಬಂತು. ಅವಳ ಗಂಟಲಲ್ಲಿ ಏನೋ ಗಂಟು ಬೆಳೆದಿತ್ತು. ಆಪರೇಷನ್ ಆಗಬೇಕು, ಆಮೇಲೆ ಬಹಳ ದಿನ ಒಂದು ಮಾತೂ ಆಡಕೂಡದು ಎಂದರು ಡಾಕ್ಟರು. ಅಜ್ಜಿಗೆ ಕತ್ತಿಯ ಭಯವಿರಲಿಲ್ಲ. ಜಪ ಯಾರು ಹೇಳುತ್ತಾರೆ ಎಂಬುದೇ ಯೋಚನೆ. ಅಮ್ಮನಿಗೆ ಓದಿ ಹೇಳಲು ಬರುತ್ತಿರಲಿಲ್ಲ, ಚಿಕ್ಕಮ್ಮನಿಗೆ ಸಂಕೋಚ, ನಾನು ಚಿಕ್ಕವಳು, ಅಪ್ಪನಿಗೆ ತಿಂಗಳಲ್ಲಿ ಅರ್ಧ ದಿನ ಸಂಜೆಯ ಸೆಕೆಂಡ್ ಶಿಫ್ಟ್. ಅಪ್ಪನ ಕಣ್ಣು ರೆಕಾರ್ಡರಿನ ಮೇಲೆ ಬಿತ್ತು.

“ಅವ್ವ, ಒಂದ್ ಸಲ ಹೇಳ್ಬಿಡು. ದಿನಾ ಅದೇ ಹೇಳ್ತದೆ. ನಿನ್ನ ದನಿಯೇ ತಾನೆ?”

“ದನಿ ನಂದು. ಹೇಳೋಳು ನಾನಲ್ವಲ್ಲ.”

“ಸಾಮಿಯೋರೂ ಮೈಕಲ್ಲೇ ಪೂಜೆ ಮಾಡ್ತಾರೆ.”

“ಮೈಕ್ ಹಿಂದೆ ಸಾಮಿ ನಿಂತಿರ್ತಾರೆ ಕಣಪ್ಪ.”

ಆದರೂ ಒಪ್ಪಿದಳು. ಒಂದು ಭಾನುವಾರ ಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ ರೆಕಾರ್ಡಿಂಗ್ ಆಯಿತು. ಮೊದಲು ನಾವೂ ಅಭ್ಯಾಸಬಲದಿಂದ ಉತ್ತರ ಹೇಳಿಬಿಟ್ಟೆವು. ಅಪ್ಪ ಟೇಪು ನಿಲ್ಲಿಸಿ, “ನಿಮ್ಮದೂ ಇದರಲ್ಲೇ ಸೇರ್ಕೊಂಡ್ರೆ ಪೆಟ್ಟಿಗೆ ಹಾಕಿಟ್ಟು ಎಲ್ಲರೂ ಸಿನಿಮಾಕ್ಕೆ ಹೋಗಬಹುದು” ಎಂದರು. ಹಾಗಾಗಿ ಎರಡನೆಯ ಸಲ ನಾವು ಬಾಯಿ ಮುಚ್ಚಿ ಕೂತೆವು. ಅಜ್ಜಿ ತನ್ನ ಅರ್ಧ ಹೇಳಿ, ನಮ್ಮ ಅರ್ಧವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು; ತುಟಿ ಅಲುಗುವುದು ಕಾಣುತ್ತಿತ್ತು, ಸದ್ದಿರಲಿಲ್ಲ. ಅಷ್ಟು ಹೊತ್ತು ಟೇಪು ಸುಮ್ಮನೆ ತಿರುಗಿತು. ದೂರದಲ್ಲಿ ಮಿಲ್ಲಿನ ಗುಂಯ್ ಸದ್ದು, ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು. ಮೂರನೆಯ ಹತ್ತು ಮಣಿಗೆ ಮುಂಚೆ ಅಜ್ಜಿ ಚಿಕ್ಕಮ್ಮನ ಕಡೆ ತಿರುಗಿ ಹೇಳಿದಳು:

“ಈ ಹತ್ತು ಮಣಿ, ನಮ್ಮ ಸೆಲಿನ್‌ಗೆ ಸುಖವಾಗಿ ಹೆರಿಗೆ ಆಗ್ಲಿ, ತಾಯಿ ಮಗು ಎರಡೂ ಕ್ಷೇಮವಾಗಿ ಮನೆಗೆ ಬರ್ಲಿ ಅಂತ.”

ಚಿಕ್ಕಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಾಚಿಕೊಂಡಳು.

ಅಜ್ಜಿ ಆಸ್ಪತ್ರೆಗೆ ಹೋದಳು. ರೆಕಾರ್ಡರನ್ನು ಎಲ್ಲಿಡಬೇಕೆಂದು ಅಪ್ಪ ಅಮ್ಮನಿಗೆ ಸಣ್ಣ ಜಗಳ. ದೇವರ ಹಲಗೆಯ ಮೇಲೆ ಬೇಡ ಎಂದಳು ಅಮ್ಮ. ನೆಲದ ಮೇಲೆ ಇಟ್ಟರೆ ಧೂಳು ಎಂದರು ಅಪ್ಪ. ಕೊನೆಗೆ ಅಜ್ಜಿಯ ಚಾಪೆಯ ಮೇಲೆ, ಅವಳು ಕೂರುವ ಜಾಗದಲ್ಲೇ ಇಟ್ಟರು. ಅವಳು ಬ್ಯಾಂಡೇಜು ಸುತ್ತಿಕೊಂಡು ವಾಪಸ್ಸು ಬಂದಾಗ ಅವಳ ಜಾಗ ಹೋಗಿತ್ತು. ನಮ್ಮ ಸಾಲಿನಲ್ಲಿ, ನನ್ನ ಪಕ್ಕದಲ್ಲಿ ಕೂತು, ತನ್ನ ದನಿಗೆ ತಾನೇ ತುಟಿ ಅಲುಗಿಸಿ ಉತ್ತರ ಹೇಳುತ್ತಿದ್ದಳು. ಟೇಪು ಯಾರಿಗೂ ಕಾಯುತ್ತಿರಲಿಲ್ಲ. ಅಮ್ಮ ಸಾರು ಇಳಿಸಲು ಎದ್ದು ಹೋದರೆ ಅಜ್ಜಿ ಮೊದಲೆಲ್ಲ ಮಣಿ ಹಿಡಿದು ನಿಂತುಬಿಡುತ್ತಿದ್ದಳು, ಇದು ನಿಲ್ಲಲಿಲ್ಲ. ನನ್ನ ಮಟ್ಟಿಗೆ ಒಂದು ಲಾಭವಿತ್ತು. ಟೇಪಿನಲ್ಲಿ ನನ್ನ ಹೆಸರಿರಲಿಲ್ಲ, ಹೊಸ ತಂಟೆಗಳು ಅಲ್ಲಿ ಸೇರುವಂತಿರಲಿಲ್ಲ.

ಚಿಕ್ಕಮ್ಮನಿಗೆ ನೋವು ಬಂದದ್ದು ಅವಧಿಗೆ ಮುಂಚೆ. ಮಗು ಉಳಿಯಲಿಲ್ಲ. ಹುಟ್ಟುವಾಗಲೇ ಉಸಿರಿರಲಿಲ್ಲ ಎಂದು ಬೀದಿಯವರು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ದೀಕ್ಷಾಸ್ನಾನವಿಲ್ಲ, ಹೆಸರಿಲ್ಲ, ಫೋಟೋ ಇಲ್ಲ. ಅಪ್ಪ ಒಂದು ಚಿಕ್ಕ ಪೆಟ್ಟಿಗೆ ಹಿಡಿದು ಇಬ್ಬರು ಗೆಳೆಯರ ಜೊತೆ ಹೋಗಿ ಬಂದರು, ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡರು. ಚಿಕ್ಕಮ್ಮ ನಡುಕೋಣೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಆ ವಾರವೆಲ್ಲ ಬೀದಿಯ ಹೆಂಗಸರು ಬಂದು ತಮಿಳಿನಲ್ಲಿ ಜೆಬಮಾಲೆ ಹೇಳಿ ಹೋದರು. “ಪಾವಂ, ಚಿಕ್ಕ ವಯಸು, ಇನ್ನೂ ಆಗ್ತವೆ” ಎಂದು ಅಮ್ಮನಿಗೆ ಸಮಾಧಾನ ಹೇಳಿದರು, ಚಿಕ್ಕಮ್ಮನಿಗೆ ಕೇಳಿಸುವಂತೆ.

ಅವರೆಲ್ಲ ಬರುವುದು ನಿಂತ ಸಂಜೆ ಅಪ್ಪ ಕೆಂಪು ಬಲ್ಬು ಹಾಕಿದರು. ಇನ್ನು ನಮ್ಮ ಜಪ ನಾವು ಹೇಳೋಣ ಎಂದರು. ಚಿಕ್ಕಮ್ಮನೂ ಎದ್ದು ಬಂದು ಬಾಗಿಲ ಬಳಿ ಕೂತಳು. ಅದಕ್ಕೆ ಅಮ್ಮನ ಮುಖದಲ್ಲಿ ಎಷ್ಟು ನೆಮ್ಮದಿ ಬಂತೆಂದರೆ, ಮಿಕ್ಕದ್ದು ಯಾರಿಗೂ ಹೊಳೆಯಲಿಲ್ಲ. ಅಪ್ಪ ಬಟನ್ ಒತ್ತಿದರು. ಅಜ್ಜಿಯ ಹಳೆಯ ದನಿ, ಆಪರೇಷನ್ನಿಗೆ ಮುಂಚಿನ ತುಂಬಿದ ದನಿ, ಹಾಲ್ ತುಂಬ ಹರಡಿತು. ಕಣ್ಣು ಮುಚ್ಚಿ ಮೊದಲ ಹತ್ತು, ಎರಡನೆಯ ಹತ್ತು. ಆಮೇಲೆ ಅದು ಹೇಳಿತು: “ಈ ಹತ್ತು ಮಣಿ, ನಮ್ಮ ಸೆಲಿನ್‌ಗೆ ಸುಖವಾಗಿ ಹೆರಿಗೆ ಆಗ್ಲಿ.” ನಾವು ಅಭ್ಯಾಸದಂತೆ ತಲೆ ಬಾಗಿಸಿದೆವು. ‘ನಮೋ ಮರಿಯಾ’ ಎಂದಿತು. ‘ಸಂತ ಮರಿಯಾ’ ಎಂದೆವು, ಎಲ್ಲರೂ, ಜೋರಾಗಿ.

ಪಕ್ಕದಲ್ಲಿ ಅಜ್ಜಿ ಮುಗ್ಗರಿಸಿದ ಹಾಗಾಯಿತು. ನೋಡಿದರೆ ಮಂಡಿಯ ಮೇಲೇ ತೆವಳಿಕೊಂಡು ರೆಕಾರ್ಡರಿನ ಹತ್ತಿರ ಹೋಗಿದ್ದಾಳೆ. ಯಾವ ಬಟನ್ ಎಂದು ಅವಳಿಗೆ ಗೊತ್ತಿಲ್ಲ, ಬಾಯಿ ಬಿಟ್ಟು ಕೇಳುವಂತಿಲ್ಲ. ಸಿಕ್ಕಿದ್ದನ್ನೆಲ್ಲ ಒತ್ತಿದಳು. ಟೇಪು ಗಿರಗಿರನೆ ಹಿಂದಕ್ಕೆ ಸುತ್ತಿ, ನಿಂತು, ಮತ್ತೆ ಶುರುವಾಯಿತು. ಅವಳಿಗೆ ಸರಿಯಾಗಿ ಕೇಳಿಸುತ್ತಿಲ್ಲ ಎಂದುಕೊಂಡ ಅಪ್ಪ ಕೈ ಚಾಚಿ ವಾಲ್ಯೂಮ್ ಏರಿಸಿದರು.

“ತಾಯಿ ಮಗು ಎರಡೂ ಕ್ಷೇಮವಾಗಿ ಮನೆಗೆ ಬರ್ಲಿ ಅಂತ” ಎಂದಿತು ಅದು, ಬೀದಿಗೆ ಕೇಳಿಸುವ ಹಾಗೆ.

ಚಿಕ್ಕಮ್ಮ ಎದ್ದು ಅಡುಗೆಮನೆಗೆ ನಡೆದಳು. ಅಮ್ಮ ಗೋಡೆಯ ಪ್ಲಗ್ಗನ್ನೇ ಕಿತ್ತಳು.

ಆ ರಾತ್ರಿ ಊಟದ ಎಲೆಯ ಮುಂದೆ ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಅಪ್ಪ ಮೆಲ್ಲಗೆ ಹೇಳಿದರು:

“ನೆನಪೇ ಇರ್ಲಿಲ್ಲ ಅವ್ವ. ನಾಳೆ ಅಷ್ಟು ಮಾತ್ರ ಅಳಿಸ್ತೀನಿ. ಒಂದು ಬಟನ್ ತಾನೆ.”

ಅಜ್ಜಿ ಕೊರಳಿನ ಬ್ಯಾಂಡೇಜಿಗೆ ಕೈ ಹಚ್ಚಿದಳು. ಆಮೇಲೆ ಮಾತಾಡಿದಳು. ಗರಗಸದಿಂದ ಹಸಿ ಮರ ಕೊಯ್ದ ಹಾಗಿತ್ತು ಆ ಸದ್ದು.

“ಅಳಿಸಬ್ಯಾಡ. ಮುಟ್ಲೂಬ್ಯಾಡ. ನಾನೇ ಹೇಳ್ತಿನಿ ನಾಳಿಂದ.”

“ಡಾಕ್ಟರು ಏನಂದಿದ್ದಾರೆ ಗೊತ್ತಲ್ವಾ? ಗಂಟಲು ಹೋಗಿಬಿಡ್ತದೆ.”

“ಹೋದ್ರೆ ಹೋಗ್ಲಿ. ಮನೇಲಿ ಏನಾಗ್ಯದೆ ಅಂತ ಗೊತ್ತಿರೋರು ಜಪ ಹೇಳ್ಬೇಕು.”

ಗಂಟಲು ಹೋಯಿತು. ಅವಳು ಬದುಕಿದ್ದಷ್ಟು ಕಾಲ ಆ ಗರಗಸದ ದನಿಯಲ್ಲೇ ಜಪ ನಡೆಯಿತು. ರೆಕಾರ್ಡರ್ ಚಾಪೆಯಿಂದ ಎದ್ದು ಬೀರುವಿನ ಮೇಲೆ ಹೋಯಿತು. ಕ್ಯಾಸೆಟ್ಟನ್ನು ಅಮ್ಮ ತನ್ನ ಮದುವೆ ಸೀರೆಯ ಮಡಿಕೆಯಲ್ಲಿಟ್ಟಳು. ಮರುದಿನದಿಂದ ಚಿಕ್ಕಮ್ಮ ಜಪಕ್ಕೆ ತಪ್ಪದೆ ಬಂದು ಕೂರುತ್ತಿದ್ದಳು. ಆದರೆ ಉತ್ತರ ಹೇಳುತ್ತಿರಲಿಲ್ಲ. ಬಾಯಿ ಬಿಗಿದು ಮಣಿ ಸರಿಸುತ್ತಿದ್ದಳು, ಅಷ್ಟೇ. ಅಜ್ಜಿ ಅವಳಿಗೆ ಹೇಳು ಎನ್ನಲಿಲ್ಲ. ಚಿಕ್ಕಪ್ಪ ಊರಿಗೆ ಬಂದರು, ಇಬ್ಬರು ಹೆಣ್ಣುಮಕ್ಕಳಾದರು, ತೊಂಡಾಮುತ್ತೂರಿನಲ್ಲಿ ಸ್ವಂತ ಮನೆಯಾಯಿತು. ಯಾವ ಮದುವೆಯಲ್ಲಿ, ಯಾರ ಸಾವಿನಲ್ಲಿ ಜಪಸರಕ್ಕೆ ಕೂತರೂ ನಾನು ಚಿಕ್ಕಮ್ಮನ ಬಾಯನ್ನೇ ನೋಡುತ್ತಿದ್ದೆ. ಅದು ತೆರೆಯಲಿಲ್ಲ. ಆ ಮಗುವಿನ ಮಾತನ್ನೂ ನಮ್ಮ ಕುಟುಂಬದಲ್ಲಿ ಯಾರೂ ಎತ್ತಲಿಲ್ಲ.

ಯಂತ್ರಗಳ ಮೇಲೆ ನನಗಿರುವ ಗುಮಾನಿಗೆ ಮೂಲ ಇದೇ. ಹಾಗೆಂದು ನಾನೇನು ಕಾಡಿನಲ್ಲಿರುವವಳಲ್ಲ. ಆಫ್ಟರ್ ಆಲ್, ನಮ್ಮ ಮನೆಯ ಅನ್ನ ಬಂದದ್ದೇ ಮಿಲ್ಲಿನ ಮೋಟರುಗಳಿಂದ. ಆದರೆ ಈಗ ನಮ್ಮ ಚರ್ಚಿನಲ್ಲಿ ಪೀಠದ ಎರಡೂ ಬದಿಗೆ ಸ್ಕ್ರೀನುಗಳಿವೆ. ಹಾಡು, ಉತ್ತರ, ಎಲ್ಲ ಅದರಲ್ಲೇ ಬರುತ್ತದೆ. ಕರೆಂಟ್ ಹೋದ ಒಂದು ಭಾನುವಾರ, ಬಾಲ್ಯದಿಂದ ಹೇಳಿಕೊಂಡು ಬಂದ ವಿಶ್ವಾಸ ಪ್ರಮಾಣವೇ ಜನಕ್ಕೆ ಅರ್ಧದಲ್ಲಿ ಕೈಕೊಟ್ಟಿತು. ಲಾಕ್‌ಡೌನ್ ಕಾಲದಲ್ಲಿ ಪೂಜೆ ಮೊಬೈಲಿನಲ್ಲಿ ಬಂತು. ನಾನೂ ನೋಡಿದೆ, ಬೇರೆ ದಾರಿ ಏನಿತ್ತು. ಕೆಳಗೆ ಸಾಲುಸಾಲಾಗಿ ‘ಆಮೆನ್’ ಎಂದು ಬೆರಳಿನಲ್ಲಿ ಒತ್ತಿದವರ ಹೆಸರುಗಳು ಓಡುತ್ತಿದ್ದವು. ಬಾಯಿ ಕಾಫಿ ಕುಡಿಯುತ್ತಿದ್ದಿರಬಹುದು, ಯಾರಿಗೆ ಗೊತ್ತು. ನನ್ನ ತಮ್ಮನ ಮಗ ಜೆರಿ ಈಗ ಪ್ರತಿ ಶನಿವಾರ ಫೋನಿನಲ್ಲಿ ಫ್ಯಾಮಿಲಿ ರೋಸರಿ ನಡೆಸುತ್ತಾನೆ. ಎಲ್ಲರ ಮುಖವೂ ಅಂಚೆಚೀಟಿಯ ಹಾಗೆ ಕಾಣುತ್ತದೆ. ಒಳ್ಳೆಯ ಹುಡುಗ, ಪಂಪ್‌ಸೆಟ್ ಕಂಪನಿಯ ಆಫೀಸಿನಲ್ಲಿದ್ದಾನೆ, ಭಕ್ತಿಯೂ ಇದೆ. ಆದರೆ ನಾನು ‘ಸಂತ ಮರಿಯಾ’ ಎನ್ನುವಷ್ಟರಲ್ಲಿ,

“ಅತ್ತೆ, ನೀವು ಮ್ಯೂಟಲ್ಲಿ ಇರಬೇಕು. ಎಲ್ಲರೂ ಒಟ್ಟಿಗೆ ಹೇಳಿದ್ರೆ ಎಕೋ ಆಗುತ್ತೆ.”

“ಒಟ್ಟಿಗೆ ಹೇಳೋದಕ್ಕೆ ತಾನೆ ಇಷ್ಟು ಜನ ಸೇರಿರೋದು?”

“ಮನಸ್ಸಲ್ಲೇ ಹೇಳ್ಕೊಳ್ಳಿ ಅತ್ತೆ. ದೇವರಿಗೆ ಮ್ಯೂಟ್ ಇಲ್ಲ.”

ಮಾತಿನಲ್ಲಿ ಅವನನ್ನು ಗೆಲ್ಲುವುದು ಕಷ್ಟ. ಶಾಲೆಯಲ್ಲಿ ಪಾಠ ಹೇಳಿದವಳು ನಾನು ಎಂದು ನಮ್ಮ ಪ್ಯಾರಿಷ್ ಫಾದರ್ ಒಮ್ಮೆ, “ಟೀಚರ್, ಮೊಬೈಲ್ ಬಗ್ಗೆ ತಾಯಂದಿರಿಗೆ ಒಂದು ಟಾಕ್ ಕೊಡಿ” ಎಂದರು. ಹೋಗಿ ಹೇಳಿದೆ: ಯಾವ ಯಂತ್ರವನ್ನಾದರೂ ಮನೆಯೊಳಗೆ ತನ್ನಿ, ಆದರೆ ನೀವು ಉತ್ತರ ಹೇಳುವ ಜಾಗವನ್ನು ಅದು ತಿನ್ನುತ್ತಿದೆಯೇ ಎಂದು ನೋಡುತ್ತಿರಿ, ಮನೆಯಲ್ಲಿ ಸಾವಾದರೆ ಅದಕ್ಕೆ ತಿಳಿಯುವುದಿಲ್ಲ, ನಿಮಗೆ ತಿಳಿಯಬೇಕು. ಮುಂದಿನ ಸಾಲಿನವರೆಲ್ಲ ಫೋನ್ ಎತ್ತಿ ನನ್ನನ್ನು ವಿಡಿಯೋ ಮಾಡಿಕೊಳ್ಳುತ್ತಿದ್ದರು.

ಹೋದ ವರ್ಷ ಒಂದು ದಿನ ಚಿಕ್ಕಮ್ಮ ಫೋನ್ ಮಾಡಿದಳು. ಅವಳಿಗೆ ಈಗ ಎಂಬತ್ತರ ಹತ್ತಿರ, ಮಗಳ ಜೊತೆ ಇದ್ದಾಳೆ.

“ರೀಟಾ, ಅತ್ತೆಯ ಆ ಕ್ಯಾಸೆಟ್ಟು, ಅದು ಇದೆಯಾ?”

ಯಾವುದು ಎಂದು ನಾನು ಕೇಳಲಿಲ್ಲ. ಅಮ್ಮನ ಸೀರೆಯ ಜೊತೆ ಅದೂ ನನ್ನ ಬೀರುವಿಗೆ ಬಂದಿತ್ತು.

“ಇದೆ. ಯಾಕೆ ಚಿಕ್ಕಮ್ಮ, ಈಗ ಯಾಕೆ ಅದೆಲ್ಲ?”

“ಕೇಳ್ಬೇಕು ಅನಿಸ್ತದೆ. ತಗೊಂಡು ಬಾ, ನನ್ನ ಕಣ್ಣಲ್ವಾ.”

ಕ್ಯಾಸೆಟ್ ಹಾಕಿ ಕೇಳುವ ಯಂತ್ರ ಯಾರ ಹತ್ತಿರವೂ ಇರಲಿಲ್ಲ. ಜೆರಿಗೆ ಕೊಟ್ಟೆ. ಎಲ್ಲೋ ಕೊಟ್ಟು ಮಾಡಿಸಿ, ತಾನೂ ಕೂತು ತಿದ್ದಿ, ನನ್ನ ಫೋನಿಗೆ ಹಾಕಿ ತಂದ. “ಸೂಪರ್ ಆಗಿ ಕ್ಲೀನ್ ಮಾಡಿದೀನಿ ಅತ್ತೆ. ಹಿಂದೆ ಗುಂಯ್ ಅಂತಿತ್ತು, ಎಲ್ಲಾ ಹೋಯ್ತು. ಖಾಲಿ ಇದ್ದದ್ದನ್ನೂ ತೆಗೆದೆ, ಸೈಜ್ ಅರ್ಧಕ್ಕೆ ಅರ್ಧ.” ನಾನು ಹಾಕಿ ನೋಡಲಿಲ್ಲ. ಒಬ್ಬಳೇ ಕೇಳುವ ಧೈರ್ಯ ಬರಲಿಲ್ಲ.

ತೊಂಡಾಮುತ್ತೂರಿನ ಆ ಮನೆಯ ಜಗಲಿಯಲ್ಲಿ ಬೆಳಿಗ್ಗೆ ಹತ್ತರ ಬಿಸಿಲು. ಚಿಕ್ಕಮ್ಮ ಸ್ನಾನ ಮಾಡಿ, ಹೊಸದಾಗಿ ಇಸ್ತ್ರಿ ಮಾಡಿದ ಸೀರೆಯುಟ್ಟು ಕಾಯುತ್ತಿದ್ದಳು. ಕೈಯಲ್ಲಿ ಜಪಸರ. ಫೋನನ್ನು ನಮ್ಮಿಬ್ಬರ ನಡುವೆ ಸ್ಟೂಲಿನ ಮೇಲಿಟ್ಟು ಒತ್ತಿದೆ. ಅಜ್ಜಿಯ ದನಿ ಬಂತು, ತೊಳೆದು ಒಣಗಿಸಿದ ಹಾಗೆ; ಮಿಲ್ಲಿಲ್ಲ, ಹಿತ್ತಲಿಲ್ಲ, ಅಜ್ಜಿ ಯಾವ ಊರಿನಲ್ಲೂ ಕೂತಿರಲಿಲ್ಲ. ‘ನಮೋ ಮರಿಯಾ’ ಹೇಳಿ ಮುಗಿಸಿದ ಕೂಡಲೇ ಇನ್ನೊಂದು ‘ನಮೋ ಮರಿಯಾ’, ಅದರ ಬೆನ್ನಿಗೇ ಮತ್ತೊಂದು. ಉಸಿರು ತೆಗೆಯದೆ ಅಜ್ಜಿ ಓಡುತ್ತಿದ್ದಳು. ಅವಳು ತುಟಿ ಅಲುಗಿಸುತ್ತಾ ನಮಗಾಗಿ ಕಾದ ಹೊತ್ತನ್ನೆಲ್ಲ ಕಸವೆಂದು ಗುಡಿಸಿಬಿಟ್ಟಿದ್ದ ಹುಡುಗ.

ಚಿಕ್ಕಮ್ಮ ಮುಂದಕ್ಕೆ ಬಾಗಿದಳು.

“ಇದೇನು ರೀಟಾ, ಅತ್ತೆ ಒಬ್ಬರೇ ಹೇಳ್ಕೊಂಡು ಹೋಗ್ತಿದ್ದಾರೆ. ನಾವೆಲ್ಲಿ ಹೇಳೋದು?”

ನನಗೆ ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು. “ಬಿಡಿ ಚಿಕ್ಕಮ್ಮ, ಹಾಳು ಮಾಡಿದ್ದಾನೆ. ಹಳೇದನ್ನ ಹಾಗೇ ತರಿಸ್ತೀನಿ” ಎಂದು ಫೋನಿಗೆ ಕೈ ಹಾಕಿದೆ. ಅವಳು ನನ್ನ ಕೈ ಸರಿಸಿದಳು.

“ಎಲ್ಲಿ ಮುಟ್ಟಿದ್ರೆ ನಿಲ್ಲುತ್ತೆ? ತೋರಿಸು.”

ತೋರಿಸಿದೆ. ಮೂಳೆ ಸೊಟ್ಟಗಾದ ತೋರುಬೆರಳನ್ನು ಗಾಜಿನ ಮೇಲಿಟ್ಟು ಒತ್ತಿದಳು. ಅಜ್ಜಿ ನಿಂತಳು. ಚಿಕ್ಕಮ್ಮ ಬಾಯಿ ತೆರೆಯಲಿಲ್ಲ. ನಾನು ಒಬ್ಬಳೇ ಉತ್ತರ ಹೇಳಿದೆ. ಮತ್ತೆ ಒತ್ತಿದಳು. ಅಜ್ಜಿ ಒಂದು ಮಣಿ ಹೇಳಿದಳು, ನಿಂತಳು; ನಾನು ಹೇಳಿದೆ. ಹೀಗೇ ಮೊದಲ ಹತ್ತು, ಎರಡನೆಯ ಹತ್ತು. ಬೆರಳು ನೋಯುತ್ತಿರಬೇಕು, ನಾನು ಒತ್ತುತ್ತೇನೆ ಎಂದರೆ ಕೊಡಲಿಲ್ಲ. ಆಮೇಲೆ ಅದು ಬಂತು. ಸೆಲಿನ್‌ಗೆ ಸುಖವಾಗಿ ಹೆರಿಗೆ ಆಗ್ಲಿ, ತಾಯಿ ಮಗು ಎರಡೂ ಕ್ಷೇಮವಾಗಿ ಮನೆಗೆ ಬರ್ಲಿ ಅಂತ.

ಚಿಕ್ಕಮ್ಮ ನಿಲ್ಲಿಸಿದಳು. ಬೀದಿಯಲ್ಲಿ ತೆಂಗಿನಕಾಯಿ ಹೇರಿದ ಲಾರಿಯೊಂದು ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಅವಳ ಬೆರಳು ಫೋನಿನ ಮೇಲೇ ಇತ್ತು.

“ಇದ್ರಲ್ಲಿ ಅವನು ಇನ್ನೂ ಒಳಗೇ ಇದ್ದಾನೆ” ಎಂದಳು.

ಗಂಡುಮಗು ಎಂದು ನನಗೆ ತಿಳಿದದ್ದು ಆಗ. ಅಷ್ಟು ವರ್ಷ ಅದೇ ಕುಟುಂಬದಲ್ಲಿದ್ದೂ ತಿಳಿದಿರಲಿಲ್ಲ.

ಅವಳು ಒತ್ತಿದಳು. ಅಜ್ಜಿ ತನ್ನ ಅರ್ಧವನ್ನು ಹೇಳಿದಳು. ಅವಳು ನಿಲ್ಲಿಸಿದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ‘ಸಂತ ಮರಿಯಾ’ ಎಂದು ಶುರುಮಾಡಿ ನನಗಿಂತ ಬಹಳ ಮುಂದೆ ಹೋಗಿದ್ದಳು.